ಎಂಟನೆಯ ದಿನದ ತೋಳು

ಮೈಸೂರಿನಲ್ಲೋ ಮಂಡ್ಯದಲ್ಲೋ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೋ ವೈದ್ಯಕೀಯ ಕಲಿಯುವ ವಿದ್ಯಾರ್ಥಿಗೆ ಅಲರ್ಜಿ ಮತ್ತು ರೋಗನಿರೋಧ ಶಾಸ್ತ್ರದ ಪಾಠ ಇವತ್ತು ಜೀವಕೋಶದಿಂದ ಶುರುವಾಗುತ್ತದೆ. ಟಿ ಕೋಶ, ಬಿ ಕೋಶ, ಐಜಿಇ, ಮಾಸ್ಟ್ ಕೋಶ ಎಂದು ಹೆಸರುಗಳನ್ನು ಕಲಿಯುತ್ತ ಹೋಗಿ, ಕೊನೆಗೆಲ್ಲೋ ರೋಗಿಯ ಮೈ ಕಣ್ಣಿಗೆ ಬೀಳುತ್ತದೆ. ಆದರೆ ಈ ಶಾಸ್ತ್ರ ಬೆಳೆದು ಬಂದ ದಾರಿ ತಲೆಕೆಳಗು. ಕೋಶದ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಮನುಷ್ಯರು ಮೊದಲು ನೋಡಿದ್ದು ತೋಳನ್ನು. ಒಂದು ಗೀರು ಎಳೆದರೆ ಎಷ್ಟನೆಯ ದಿನ ಏನಾಗುತ್ತದೆ, ಎರಡನೆಯ ಸಲ ಎಳೆದಾಗ ಯಾಕೆ ಬೇರೆಯಾಗುತ್ತದೆ ಎಂದು ನೋಡಿ ನೋಡಿಯೇ ಮೈಗೆ ನೆನಪಿದೆ ಎಂಬ ಮಾತು ಶಾಸ್ತ್ರವಾಯಿತು. ಆ ನೋಟದ ಒಂದು ದೊಡ್ಡ ಅಭ್ಯಾಸ ನಡೆದದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಶ್ರೀರಂಗಪಟ್ಟಣ ಮತ್ತು ಮೈಸೂರಿನ ಸುತ್ತಿನ ಸೀಮೆಯಲ್ಲಿ. ನನ್ನ ವಾದ ಇಷ್ಟು: ಇಲ್ಲಿ ಸಿಡುಬಿನ ವಿರುದ್ಧ ಗೆದ್ದದ್ದು ಬರಿಯ ಮದ್ದಲ್ಲ. ಮದ್ದು ಹಾಕಿಸಿಕೊಂಡವರು ಎಂಟನೆಯ ದಿನ ಮರಳಿ ಬಂದು ತೋಳು ತೋರಿಸಿದರೇ ಇಲ್ಲವೇ ಎಂಬುದರ ಮೇಲೆ ಗೆಲುವು ನಿಂತಿತ್ತು. ರೋಗನಿರೋಧದ ಮೂಲಪಾಠದಲ್ಲಿ ಆ ಮರಳಿ ಬರುವಿಕೆಯೂ ಒಂದು ಭಾಗ, ಅದನ್ನು ಪಾಠದಿಂದ ಬಿಟ್ಟರೆ ಉಳಿದದ್ದು ಅರೆ ಪಾಠ.

ಆ ಸೀಮೆಯ ಸ್ಥಿತಿಯನ್ನು ಮೊದಲು ನೋಡಬೇಕು. ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹಿರೋಡೆ, ಎಂದರೆ ಇಂದಿನ ಪಾಂಡವಪುರ, ಅಲ್ಲಿಂದ ತೊಣ್ಣೂರು, ಮುಂದೆ ಮೇಲುಕೋಟೆ. ಇದು ದಂಡು, ಯಾತ್ರಿಕರು, ವ್ಯಾಪಾರಿಗಳು ಎಡೆಬಿಡದೆ ಓಡಾಡಿದ ದಾರಿ. ಹಿರೋಡೆಯಲ್ಲಿ ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಅದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಅಂಟಿಕೊಂಡಿತ್ತು. ತೊಣ್ಣೂರಿನ ದೊಡ್ಡ ಕೆರೆಯ ಏರಿಯನ್ನು ಟಿಪ್ಪುವಿನ ಕೊನೆಯ ಯುದ್ಧದಲ್ಲಿ ಶತ್ರುವಿಗೆ ನೀರು ದಕ್ಕಬಾರದೆಂದು ಒಡೆಸಿದರೆಂದು ಹೇಳುತ್ತಾರೆ. 1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈ ನಾಡನ್ನು ಸುತ್ತಿ ತೊಣ್ಣೂರು ಕೆರೆಯನ್ನೂ ಕಂಡು ಬರೆದ. ಯುದ್ಧ, ಬರ, ವಲಸೆಗಳಿಂದ ಕಂಗೆಟ್ಟ ಹಳ್ಳಿಗಳಿಗೆ ಸಿಡುಬು ಹೊಸದಲ್ಲ. ಮಾಗಿ ಕಳೆದು ಬಿಸಿಲು ಏರುವ ತಿಂಗಳುಗಳಲ್ಲಿ ಅದು ಹೆಚ್ಚುತ್ತಿತ್ತು. ಮೇಲುಕೋಟೆಯ ವೈರಮುಡಿಗೆ ತೊಣ್ಣೂರಿನ ಮೇಲೆ ಹಾದು ಜನ ಸೇರುತ್ತಿದ್ದುದೂ ಅದೇ ಫಾಲ್ಗುಣದ ಹೊತ್ತಿನಲ್ಲಿ. ಜನ ಸೇರುವ ಕಾಲವೂ ರೋಗ ಹರಡುವ ಕಾಲವೂ ಒಂದೇ ಆದದ್ದು ಈ ದಾರಿಯ ಊರುಗಳ ಪಾಡು. ಅರಮನೆಗೂ ವಿನಾಯಿತಿ ಇರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು 1796ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಸಿಡುಬಿನಿಂದ ತೀರಿಕೊಂಡರು. ಮಗನಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಅದೇ ವರ್ಷದ ಮೇ 14ರಂದು ಇಂಗ್ಲೆಂಡಿನ ಬರ್ಕ್‌ಲಿ ಎಂಬ ಹಳ್ಳಿಯಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯ ಎಂಟು ವರ್ಷದ ಹುಡುಗನ ತೋಳಿಗೆ ಗೋಸಿಡುಬಿನ ರಸ ಹಾಕಿದ. ಒಂದೇ ಒಂದು ತಿಂಗಳ ಅಂತರದ ಈ ಎರಡು ಸಂಗತಿಗಳು ಹತ್ತು ವರ್ಷದೊಳಗೆ ಮೈಸೂರಿನ ಅರಮನೆಯಲ್ಲಿ ಒಂದಾದವು.

ಹೊಸ ಪದ್ಧತಿ ಬರುವ ಮುಂಚೆ ಜನರ ತಲೆ ಖಾಲಿಯಾಗಿತ್ತು ಎಂದು ತಿಳಿಯುವುದು ದೊಡ್ಡ ತಪ್ಪು. ಸಿಡುಬು ಬಂದರೆ ಅಮ್ಮ ಬಂದಳು ಎಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಗ್ಗರಣೆ ಹಾಕದೆ ತಂಪು ಅಡುಗೆ ಮಾಡಿದರು. ಹೊರಗಿನವರನ್ನು ಒಳಗೆ ಬಿಡಲಿಲ್ಲ. ಎಳನೀರು, ಮಜ್ಜಿಗೆ ಕೊಟ್ಟರು. ಹೊಪ್ಪಳೆ ಉದುರಿ ತಲೆಗೆ ನೀರು ಹಾಕುವ ತನಕ ಮನೆಯವರು ಬೇರೆ ಕಡೆ ಹೋಗಲಿಲ್ಲ. ಈ ನಡವಳಿಕೆಯ ಭಾಷೆ ಭಕ್ತಿಯದು, ಕೆಲಸ ಮಾತ್ರ ರೋಗಿಯನ್ನು ಪ್ರತ್ಯೇಕ ಇಡುವುದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಅರಿವು ಊರೂರಿಗೂ ಇತ್ತು: ಅಮ್ಮ ಒಮ್ಮೆ ಬಂದು ಹೋದ ಮೈಗೆ ಮತ್ತೆ ಬರುವುದಿಲ್ಲ. ಮುಖದಲ್ಲಿ ಮೈಲಿಕಲೆ ಇದ್ದವರು ಅಂಜದೆ ರೋಗಿಯ ಬಳಿ ಕೂರಬಲ್ಲರು. ರೋಗನಿರೋಧ ಶಾಸ್ತ್ರದ ಎರಡು ಆಧಾರಸ್ತಂಭಗಳು ಇಲ್ಲೇ ಇವೆ. ಒಂದು, ಮೈ ಒಮ್ಮೆ ಕಂಡದ್ದನ್ನು ಮರೆಯುವುದಿಲ್ಲ. ಎರಡು, ಆ ನೆನಪು ಕಂಡ ರೋಗಕ್ಕಷ್ಟೇ ಸಲ್ಲುತ್ತದೆ. ಸಿಡುಬು ಬಂದುಹೋದವನಿಗೆ ಸೀತಾಳೆ ಸಿಡುಬು ಬರಬಹುದು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಜೆನ್ನರ್ ಸೇರಿಸಿದ್ದು ಮೂರನೆಯದನ್ನು: ದನದ ಕೆಚ್ಚಲಿಗೆ ಬರುವ, ಜೀವ ತೆಗೆಯದ ಇನ್ನೊಂದು ಸಿಡುಬು ಮನುಷ್ಯನ ಸಿಡುಬಿಗೆ ಸಾಕಷ್ಟು ಹತ್ತಿರದ ನಂಟಸ್ತಿಕೆ ಉಳ್ಳದ್ದು, ಒಂದನ್ನು ಕಂಡ ಮೈ ಇನ್ನೊಂದನ್ನೂ ಗುರುತಿಸುತ್ತದೆ. ಹೀಗೆ ನೋಡಿದರೆ ದಾಕು, ಎಂದರೆ ಲಸಿಕೆ, ಹಾಕುವವನು ಹಳ್ಳಿಗೆ ತಂದ ಹೊಸ ಮಾತು, ಹಳ್ಳಿಗೆ ಮೊದಲೇ ಗೊತ್ತಿದ್ದ ಎರಡು ಮಾತುಗಳ ಮುಂದಿನ ಸಾಲು. ಆ ಮಾತು ಊರಿಗೆ ಪೂರ್ತಿ ಪರಕೀಯವಾಗಿ ಕೇಳಿಸದೆ ಇದ್ದುದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಹಿಂದೂಸ್ತಾನಕ್ಕೆ ಆ ರಸ ಬಂದ ಬಗೆಯೇ ಒಂದು ದೊಡ್ಡ ಕಥೆ. ವಿಯೆನ್ನಾದ ವೈದ್ಯ ಜೀನ್ ದ ಕಾರೊ ಕಳುಹಿಸಿದ ಗೋಸಿಡುಬಿನ ರಸ ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳನ್ನು ದಾಟಿ ಹಡಗಿನಲ್ಲಿ ಮುಂಬಯಿಗೆ ಬಂದು, 1802ರ ಜೂನ್ 14ರಂದು ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಹಿಡಿಯಿತು. ಅಲ್ಲಿಂದ ಪುಣೆ, ಹೈದರಾಬಾದು, ಮದರಾಸುಗಳಿಗೆ ಹರಡಿತು. ಹರಡಿದ್ದು ಸೀಸೆಯಲ್ಲಿ ಅಲ್ಲ. ದಾರಕ್ಕೆ ಅದ್ದಿ ಒಣಗಿಸಿದ, ಗಾಜಿನ ತುಣುಕುಗಳ ನಡುವೆ ಇಟ್ಟ ರಸ ನಮ್ಮ ಬಿಸಿಲಿಗೆ ಬಹುಬೇಗ ಸತ್ವ ಕಳೆದುಕೊಳ್ಳುತ್ತಿತ್ತು. ನೆಚ್ಚಬಹುದಾದ ಪಾತ್ರೆ ಒಂದೇ: ಮಗುವಿನ ತೋಳು. ಒಂದು ಮಗುವಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿಗೆ, ಅದು ಹಣ್ಣಾದ ಮೇಲೆ ಅಲ್ಲಿಂದ ಮತ್ತೊಂದಕ್ಕೆ. ಹೀಗೆ ತೋಳಿನಿಂದ ತೋಳಿಗೆ ದಾಟಿಸುತ್ತಾ, ವಾರವಾರಕ್ಕೂ ಸರಪಳಿ ಕಡಿಯದ ಹಾಗೆ ನೋಡಿಕೊಂಡರೆ ಮಾತ್ರ ಮದ್ದು ಬದುಕಿತು. ಒಂದು ಮಗುವಿಗೆ ಜ್ವರ ಬಂದು ಗುಳ್ಳೆ ಏಳದಿದ್ದರೆ, ಮಗು ಕೆರೆದುಕೊಂಡು ಗುಳ್ಳೆ ಒಡೆದರೆ, ತಾಯಿ ಹೆದರಿ ಮಗುವನ್ನು ಎತ್ತಿಕೊಂಡು ತೌರಿಗೆ ಹೋದರೆ, ಸರಪಳಿ ಅಲ್ಲಿಗೆ ಮುಗಿಯಿತು. ಮುಂದಿನ ಊರಿಗೆ ಕೊಡುವುದಕ್ಕೆ ಏನೂ ಇರುತ್ತಿರಲಿಲ್ಲ. ಒಬ್ಬರ ಮೈಯ ರಕ್ಷಣೆ ಇನ್ನೊಬ್ಬರ ಒಪ್ಪಿಗೆಯ ಮೇಲೆ ನಿಲ್ಲುತ್ತದೆ ಎಂಬ ಮಾತು ಆಗ ನೀತಿಬೋಧೆಯಾಗಿರಲಿಲ್ಲ, ದಿನದ ಲೆಕ್ಕವಾಗಿತ್ತು.

ಆ ತೋಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚೂಪಾದ ಚಾಕುವಿನ ಮೊನೆಯಿಂದ ಚರ್ಮದ ಮೇಲಷ್ಟೇ ಗೀರಿ, ರಕ್ತ ಹರಿಯದಂತೆ ರಸ ಸವರುತ್ತಾರೆ. ಒಂದೆರಡು ದಿನ ಏನೂ ಕಾಣದು. ಮೂರನೆಯ ದಿನದ ಹೊತ್ತಿಗೆ ಸಣ್ಣ ಕೆಂಪು ಗಂಟು. ಐದಾರನೆಯ ದಿನಕ್ಕೆ ಅದರಲ್ಲಿ ನೀರು ತುಂಬಿ ನಡುವೆ ಹೊಕ್ಕುಳಿನಂತೆ ಕುಳಿ ಬೀಳುತ್ತದೆ. ಎಂಟನೆಯ ದಿನ ಗುಳ್ಳೆ ದುಂಡಾಗಿ ಮುತ್ತಿನ ಬಣ್ಣಕ್ಕೆ ತಿರುಗಿ, ಸುತ್ತ ಕೆಂಪು ಬಳೆ ಮೂಡಲು ಶುರುವಾಗುತ್ತದೆ. ಒಳಗಿನ ರಸ ಇನ್ನೂ ತಿಳಿ. ತೆಗೆಯಬೇಕಾದ ಹೊತ್ತು ಅದೇ. ಒಂದೆರಡು ದಿನ ತಡವಾದರೆ ರಸ ಕೀವಾಗುತ್ತದೆ, ಅದನ್ನು ದಾಟಿಸಿದರೆ ಹಿಡಿಯುವ ಭರವಸೆ ಇಲ್ಲ. ಹತ್ತು ಹನ್ನೊಂದನೆಯ ದಿನ ಕೆಂಪು ಹರಡಿ, ಕಂಕುಳಲ್ಲಿ ಗಡ್ಡೆ ಕಟ್ಟಿ, ಮಗುವಿಗೆ ಮೈ ಬಿಸಿಯಾಗುತ್ತದೆ. ಆಮೇಲೆ ಕಪ್ಪು ಹೊಪ್ಪಳೆ ಕಟ್ಟಿ ಮೂರನೆಯ ವಾರಕ್ಕೆ ಉದುರಿ ಕುಳಿಗಲೆ ಉಳಿಯುತ್ತದೆ. ಇಂದಿನ ವಿದ್ಯಾರ್ಥಿ ಇದನ್ನು ಬಿಡಿಸಿ ಹೇಳಬಲ್ಲ: ಮೊದಲ ದಿನಗಳ ಮೌನ, ಮೈ ಹೊಸ ವೈರಿಯನ್ನು ಗುರುತಿಸಿ ಅದಕ್ಕೆ ತಕ್ಕ ಕೋಶಗಳನ್ನು ಬೆಳೆಸಿಕೊಳ್ಳುವ ಹೊತ್ತು, ಎಂಟನೆಯ ದಿನದ ಕೆಂಪು ಬಳೆ, ಬೆಳೆದ ಕೋಶಗಳು ಕೆಲಸಕ್ಕೆ ಬಂದ ಗುರುತು. ದಾಕು ಹಾಕುವವನಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ದಿನಗಳು ಮಾತ್ರ ತಪ್ಪದೆ ಗೊತ್ತಿದ್ದವು. ಎಂಟನೆಯ ದಿನ ಮಗುವನ್ನು ಕರೆತಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತಿತ್ತು: ಈ ಮಗುವಿಗೆ ಮದ್ದು ಹಿಡಿದಿದೆ ಎಂಬುದು ಖಾತ್ರಿಯಾಗುತ್ತಿತ್ತು, ಮುಂದಿನ ಮಗುವಿಗೆ ಮದ್ದು ಸಿಗುತ್ತಿತ್ತು.

ಹಾಗಾದರೆ ಜನ ಮರಳಿ ಬಂದರೇ? ಬಂದರು ಎನ್ನಲು ನಮ್ಮ ಸೀಮೆಯಲ್ಲಿ ಸಿಗುವ ಗಟ್ಟಿ ಸಾಕ್ಷಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನದು. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಗಂಜಾಮಿನಲ್ಲಿ ಗುಡಿ ಕಟ್ಟಿ, ಸುತ್ತಿನ ಹಳ್ಳಿಗಳಲ್ಲಿ ಬೇಸಾಯದ ನೆಲೆಗಳನ್ನು ಏರ್ಪಡಿಸಿ, ಗೋಸಿಡುಬು ಹಾಕುವ ಕೆಲಸವನ್ನೂ ಕೈಗೆತ್ತಿಕೊಂಡ. 1803–04ರ ಸುಮಾರಿಗೆ ಅವನ ಉಸ್ತುವಾರಿಯಲ್ಲಿ ದಾಕು ಹಾಕಿಸಿಕೊಂಡವರ ಸಂಖ್ಯೆ ಇಪ್ಪತ್ತೈದು ಸಾವಿರಕ್ಕೂ ಮೀರಿತ್ತೆಂದು ಸರ್ಕಾರಿ ವರದಿ ಲೆಕ್ಕ ಕೊಡುತ್ತದೆ. ಹಿಡಿದ ರಸವನ್ನು ವಾರವಾರವೂ ದಾಟಿಸಬೇಕಾಗಿದ್ದ ಕಾಲದಲ್ಲಿ ಇಷ್ಟು ದೊಡ್ಡ ಸಂಖ್ಯೆ ಬರಬೇಕಾದರೆ ಸಾವಿರಾರು ತಾಯಂದಿರು ಮಕ್ಕಳನ್ನು ಎರಡನೆಯ ಸಲವೂ ಕರೆತಂದಿರಲೇಬೇಕು. ದ್ಯುಬುವಾ ದೇಶೀ ಉಡುಪು ತೊಟ್ಟು, ಇಲ್ಲಿನವರ ಊಟ ಉಂಡು, ಇಲ್ಲಿನ ಮಾತು ಕಲಿತು ಬದುಕಿದ್ದವನು. ಅವನ ಗ್ರಂಥದಲ್ಲಿ ನಮ್ಮ ಆಚಾರಗಳ ಬಗ್ಗೆ ಕಟುವಾದ, ಎಷ್ಟೋ ಸಲ ಅನ್ಯಾಯವಾದ ತೀರ್ಪುಗಳಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಊರಲ್ಲೇ ಉಳಿದವನು ಅವನು. ಮದ್ದು ಹಾಕಿ ಮರುದಿನ ಹೊರಟುಹೋಗುವ ಅಧಿಕಾರಿಗೂ, ಎಂಟನೆಯ ದಿನ ಅದೇ ಜಗುಲಿಯಲ್ಲಿ ಸಿಗುವವನಿಗೂ ತಾಯಿಯ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ.

ಎರಡನೆಯ ಸಾಕ್ಷಿ ಅರಮನೆಯದು. 1805ರಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಮೈಸೂರಿನ ಮೂವರು ರಾಜಸ್ತ್ರೀಯರ ತೈಲಚಿತ್ರ ಬರೆದ. ಬಲಗಡೆಯ ತರುಣಿ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುವ ಭಂಗಿಯಲ್ಲಿದ್ದಾಳೆ. ಎಡಗಡೆಯವಳ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಮಾಸಿದೆ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ಈ ಚಿತ್ರವನ್ನು ಹೊಸದಾಗಿ ಓದಿ, ಬಲಗಡೆಯವಳು ಮುಮ್ಮಡಿಯವರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ತೋಳು, ಎಡಗಡೆಯ ರಾಣಿಯ ಮುಖದ ಗುರುತು ಸಿಡುಬಿನ ಹೊಪ್ಪಳೆಯನ್ನೇ ಪುಡಿಮಾಡಿ ಮೂಗಿಗೆ ಏರಿಸುವ ಹಳೆಯ ಪದ್ಧತಿಯದು ಎಂದು ವಾದಿಸಿದರು. ಸಿಡುಬಿನಿಂದ ಮನೆಯವರನ್ನು ಕಳೆದುಕೊಂಡಿದ್ದ ರಾಜಮಾತೆ ಲಕ್ಷ್ಮಮ್ಮಣ್ಣಿಯವರು ಇದರ ಹಿಂದಿದ್ದರು ಎಂಬುದು ಅವರ ತರ್ಕ. ಇದನ್ನು ಒಪ್ಪದವರೂ ಇದ್ದಾರೆ. ಸೆರಗು ಸರಿಸಿದ ಮಾತ್ರಕ್ಕೆ ಅದು ದಾಕಿನ ಸಾರಿಕೆ ಎನ್ನಲು ಸಾಧ್ಯವೇ, ಆಭರಣ ತೋರುವ ಭಂಗಿಯಾಗಿರಬಾರದೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಚಿತ್ರ ಒಂದನ್ನೇ ನಂಬಿ ಇತಿಹಾಸ ಬರೆಯಬಾರದು. ಆದರೆ ಚಿತ್ರದ ಜೊತೆಗೆ ಕಾಗದವೂ ಇದೆ. 1806ರ ಜುಲೈನ ವರದಿಯೊಂದು ರಾಣಿ ದಾಕು ಹಾಕಿಸಿಕೊಂಡದ್ದು ಜನರ ಮೇಲೆ ಒಳ್ಳೆಯ ಪರಿಣಾಮ ಬೀರಿ ಅವರು ಮುಂದೆ ಬರುವಂತಾಯಿತು ಎನ್ನುತ್ತದೆ. ಚಿತ್ರದ ಓದನ್ನು ಒಪ್ಪಲಿ ಬಿಡಲಿ, ಅಂತಃಪುರದ ಹೆಣ್ಣುಮಗಳೊಬ್ಬಳು ತನ್ನ ತೋಳನ್ನು ಒಡ್ಡಿ ಊರಿಗೆ ದಾರಿ ತೋರಿಸಿದಳು ಎಂಬ ಮುಖ್ಯ ಸಂಗತಿಗೆ ಆಧಾರ ಉಳಿಯುತ್ತದೆ. ಪೂರ್ಣಯ್ಯ ದಿವಾನರಾಗಿದ್ದ ಆ ಆಡಳಿತದಲ್ಲಿ ಬಲವಂತದ ಕಾನೂನು ಇರಲಿಲ್ಲ, ಮೇಲ್ಪಂಕ್ತಿ ಇತ್ತು.

ಇಲ್ಲಿ ಬರುವ ದೊಡ್ಡ ಆಕ್ಷೇಪ ಒಂದಿದೆ. ಹಾಗಿದ್ದರೆ ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಜನ ದಾಕು ಹಾಕುವವನನ್ನು ಕಂಡರೆ ಮಕ್ಕಳನ್ನು ಬಚ್ಚಿಟ್ಟದ್ದೇಕೆ, ಮೂಢನಂಬಿಕೆಯಿಂದಲ್ಲವೇ ಎಂದು ಕೇಳಬಹುದು. ಅಮ್ಮನಿಗೆ ಸಿಟ್ಟು ಬರುತ್ತದೆ ಎಂಬ ಭಯ ಖಂಡಿತ ಇತ್ತು. ಆದರೆ ಅದೊಂದನ್ನೇ ಕಾರಣ ಮಾಡಿದರೆ ಜನರ ವಿವೇಕಕ್ಕೆ ಅನ್ಯಾಯ. ತೋಳಿನಿಂದ ತೋಳಿಗೆ ದಾಟಿಸುವ ಪದ್ಧತಿಯಲ್ಲಿ ಮಗುವಿನ ಹಣ್ಣಾದ ಗುಳ್ಳೆಯನ್ನು ಎಂಟನೆಯ ದಿನ ಮತ್ತೆ ಚುಚ್ಚಿ ರಸ ತೆಗೆಯಬೇಕು. ಅದು ಆ ಮಗುವಿಗೆ ನೋವು, ಲಾಭ ಬೇರೆಯವರ ಮಗುವಿಗೆ. ಬಡವರ, ದಲಿತರ ಮಕ್ಕಳ ತೋಳನ್ನು ಇದಕ್ಕೆ ಹೆಚ್ಚಾಗಿ ಬಳಸಿದರು. ಮೇಲ್ಜಾತಿಯವರು ಆ ರಸ ಮೈಲಿಗೆ ಎಂದರು. ಹೀಗೆ ನೋವು ಒಂದು ಕಡೆ, ನಿರಾಕರಣೆ ಇನ್ನೊಂದು ಕಡೆ. ಒಬ್ಬರ ಮೈಯ ಬೇರೆ ರೋಗ ರಸದ ಜೊತೆ ಇನ್ನೊಬ್ಬರ ಮೈಗೆ ಬಂದೀತು ಎಂಬ ಅಂಜಿಕೆಯೂ ಇತ್ತು, ಅದು ನಿಜವಾದ ಅಂಜಿಕೆ. ಯುರೋಪಿನಲ್ಲಿ ಇದೇ ದಾರಿಯಲ್ಲಿ ಉಪದಂಶ ಹರಡಿದ ಪ್ರಸಂಗಗಳು ದಾಖಲಾಗಿವೆ. ಬೇಸಗೆಯಲ್ಲಿ ಸತ್ವ ಹೋದ ರಸ ಹಾಕಿಸಿಕೊಂಡವರಿಗೆ ಮುಂದೆ ಸಿಡುಬು ಬಂತು. ಹಿಡಿದವರಿಗೂ ವರ್ಷಗಳು ಕಳೆದಂತೆ ರಕ್ಷಣೆ ಕುಂದುತ್ತಿತ್ತು; ಜೆನ್ನರ್ ಒಮ್ಮೆ ಹಾಕಿದರೆ ಜೀವನಪೂರ್ತಿ ಸಾಕು ಎಂದು ನಂಬಿದ್ದು ತಪ್ಪೆಂದು ಸಾಬೀತಾಗಿ, ಮರುದಾಕು ಬೇಕೆಂದು ವೈದ್ಯರೇ ಒಪ್ಪಿದರು. ಮಾತು ಕೊಟ್ಟಷ್ಟು ಫಲ ಕಾಣದಿದ್ದಾಗ ಜನ ಹಿಂಜರಿದರೆ ಅದು ಅನುಭವದಿಂದ ಬಂದ ತೀರ್ಮಾನ. ದಾಕು ಹಾಕುವವನನ್ನು ಸಂಬಳಕ್ಕೆ ತಲೆಯೆಣಿಕೆ ತೋರಿಸುವ ನೌಕರನನ್ನಾಗಿ ಮಾಡಿದ ಕಡೆಯೆಲ್ಲ ಎಂಟನೆಯ ದಿನದ ನೋಟ ಸಡಿಲವಾಯಿತು, ಜೊತೆಗೆ ನಂಬಿಕೆಯೂ.

ಇನ್ನೊಂದು ಆಕ್ಷೇಪ ಅಭಿಮಾನದ ಕಡೆಯಿಂದ ಬರುತ್ತದೆ. ಗೋಸಿಡುಬು ಹಾಕುವ ವಿದ್ಯೆ ನಮ್ಮ ಪ್ರಾಚೀನ ಸಂಸ್ಕೃತ ಗ್ರಂಥಗಳಲ್ಲೇ ಇತ್ತು, ಜೆನ್ನರ್ ಹೊಸದೇನೂ ಹೇಳಲಿಲ್ಲ ಎಂಬ ಮಾತು ಈಗಲೂ ಕೇಳುತ್ತದೆ. ಇದಕ್ಕೆ ಆಧಾರವೆಂದು ತೋರಿಸುವ, ಧನ್ವಂತರಿಯ ಹೆಸರು ಹೊತ್ತ ಶ್ಲೋಕಗಳು 1819ರ ಸುಮಾರಿಗೆ ಮದರಾಸಿನ ಪತ್ರಿಕೆಯಲ್ಲಿ ಬೆಳಕು ಕಂಡವು. ಡೊಮಿನಿಕ್ ವುಯಾಸ್ಟಿಕ್ ಎಂಬ ವಿದ್ವಾಂಸರು ಅವುಗಳ ಮೂಲ ಹುಡುಕಿ, ದಾಕಿಗೆ ಜನರನ್ನು ಒಲಿಸಲೆಂದು ಆ ಕಾಲದಲ್ಲೇ ಹೊಸೆದ ರಚನೆಗಳು ಅವು ಎಂದು ತೋರಿಸಿದ್ದಾರೆ. ನಿಜವಾಗಿ ಇದ್ದದ್ದು ಬೇರೆ, ಅದು ಕಡಿಮೆಯೇನಲ್ಲ. ಬಂಗಾಳದ ಟೀಕಾದಾರರು ಸಿಡುಬಿನ ರಸವನ್ನೇ ಹದವರಿತು ತೋಳಿಗೆ ಹಾಕಿ, ಪಥ್ಯ ಹೇಳಿ, ಹಗುರವಾದ ಸಿಡುಬು ಬರಿಸಿ ಕಾಪಾಡುತ್ತಿದ್ದರು. ಹಾಲ್ವೆಲ್ ಎಂಬ ವೈದ್ಯ 1767ರಲ್ಲಿ ಅದನ್ನು ವಿವರವಾಗಿ ಬರೆದ. ದಕ್ಷಿಣದಲ್ಲಿ ಆ ಪದ್ಧತಿ ಅಷ್ಟು ಹಬ್ಬಿರಲಿಲ್ಲ. ಇದ್ದ ನಿಜವಾದ ಅರಿವನ್ನು ಬಿಟ್ಟು ಇಲ್ಲದ ಶ್ಲೋಕಕ್ಕೆ ಹೆಮ್ಮೆಪಡುವುದರಿಂದ ನಮ್ಮ ಪರಂಪರೆಗೆ ಗೌರವ ಬರುವುದಿಲ್ಲ. ಒಳ್ಳೆಯ ಉದ್ದೇಶಕ್ಕಾದರೂ ಜನರಿಗೆ ಸುಳ್ಳು ಹೇಳಿ ಮದ್ದು ಹಾಕುವುದು ಎಷ್ಟು ಅಪಾಯ ಎಂಬುದಕ್ಕೂ ಈ ಪ್ರಸಂಗ ಉದಾಹರಣೆ: ಎರಡು ನೂರು ವರ್ಷಗಳ ನಂತರವೂ ಆ ಸುಳ್ಳು ಇನ್ನೂ ಬದುಕಿದೆ.

ಈಗ ಅಲರ್ಜಿಯ ಕಡೆಗೆ ಬರೋಣ. ದಾಕಿನ ಇತಿಹಾಸಕ್ಕೂ ಅಲರ್ಜಿಗೂ ಏನು ಸಂಬಂಧ ಎಂದು ವಿದ್ಯಾರ್ಥಿ ಕೇಳಿಯಾನು. ಸಂಬಂಧ ರಕ್ತಸಂಬಂಧದ್ದು. ದಶಕಗಳ ಹಿಂದೆ ಗೋಸಿಡುಬು ಆಗಿದ್ದ ಹೆಂಗಸೊಬ್ಬಳಿಗೆ ಸಿಡುಬಿನ ರಸ ಹಾಕಿದಾಗ ಆ ಜಾಗ ಬೇಗನೆ ಕೆಂಪಾಗಿ, ಗುಳ್ಳೆ ಏಳದೆ ಕೆಲವೇ ದಿನಗಳಲ್ಲಿ ಮಾಯವಾದದ್ದನ್ನು ಜೆನ್ನರ್ ತನ್ನ 1798ರ ಪುಸ್ತಕದಲ್ಲೇ ಬರೆದಿದ್ದ. ಮರುದಾಕು ಹಾಕುವ ಎಲ್ಲರೂ ಇದನ್ನು ಕಂಡಿದ್ದರು: ಮೊದಲ ಸಲ ಎಂಟು ದಿನ ಹಿಡಿದದ್ದು ಎರಡನೆಯ ಸಲ ಎರಡು ಮೂರು ದಿನಕ್ಕೇ ಕೆಂಪೇರಿ ಇಳಿಯುತ್ತದೆ. ಇದರ ಅರ್ಥವನ್ನು ಬಿಡಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಕುದುರೆಯ ಸೀರಂ ಚುಚ್ಚಿದ ಮಕ್ಕಳಿಗೆ ಎರಡನೆಯ ಸಲ ಬೇಗ ಬರುವ ಜ್ವರ, ದದ್ದುಗಳನ್ನು ಬೇಲಾ ಶಿಕ್ ಜೊತೆ 1905ರಲ್ಲಿ ವಿವರಿಸಿ, ದಾಕಿನ ತೋಳುಗಳನ್ನು ದಿನದಿನವೂ ಗುರುತುಹಾಕಿ ನೋಡಿ, ಒಮ್ಮೆ ಕಂಡ ವಸ್ತುವಿಗೆ ಮೈ ಎರಡನೆಯ ಸಲ ಪ್ರತಿಕ್ರಿಯೆ ಕೊಡುವ ರೀತಿಯೇ ಬದಲಾಗುತ್ತದೆ ಎಂದು ಹೇಳಿ, ಅದಕ್ಕೆ 1906ರಲ್ಲಿ ಅಲರ್ಜಿ ಎಂಬ ಹೆಸರಿಟ್ಟ. ನೂರು ವರ್ಷ ಮುಂಚೆ ನಮಗೆ ಗೋಸಿಡುಬಿನ ರಸ ಕಳುಹಿಸಿದ ಊರಿನಿಂದಲೇ ಆ ರಸದ ಅರ್ಥವೂ ಬಂತು. ಪಿರ್ಕೆಯ ಮುಖ್ಯ ಒಳನೋಟ ಇದು: ಕಾಪಾಡುವ ನೆನಪೂ ಕಾಡುವ ನೆನಪೂ ಒಂದೇ ಬೇರಿನವು. ಸಿಡುಬನ್ನು ನೆನಪಿಡುವ ಶಕ್ತಿಯೇ ದಾರಿ ತಪ್ಪಿ ಧೂಳು, ಪರಾಗ, ಮದ್ದು, ಮೀನುಗಳನ್ನೂ ವೈರಿಯೆಂದು ನೆನಪಿಡುತ್ತದೆ.

ಅಂದಿನಿಂದ ಅಲರ್ಜಿಯ ವೈದ್ಯ ಮಾಡುತ್ತಿರುವ ಕೆಲಸವೂ ತೋಳಿನ ಮೇಲೆ ಕಾಲವನ್ನು ಓದುವುದೇ. ಮೊನೆಯಿಂದ ಚುಚ್ಚಿ ಪರಾಗದ ಸಾರ ಹಾಕಿದ ಜಾಗದಲ್ಲಿ 15–20 ನಿಮಿಷಕ್ಕೆ ದದ್ದು ಎದ್ದರೆ ಅದು ಐಜಿಇ ಮತ್ತು ಮಾಸ್ಟ್ ಕೋಶದ ಕೆಲಸ. ಐಜಿಇ ಎಂಬ ಆ ವಸ್ತುವನ್ನು ಗುರುತಿಸಿದ್ದು 1966–67ರಲ್ಲಷ್ಟೇ. ಕ್ಷಯದ ಪರೀಕ್ಷೆಗೆ ಹಾಕಿದ ಚುಚ್ಚು 48ರಿಂದ 72 ಗಂಟೆಗೆ ಗಟ್ಟಿಯಾದರೆ ಅದು ಟಿ ಕೋಶದ ನೆನಪು. ಹೊಲದ ಬದುವಿನ ಪಾರ್ಥೇನಿಯಂ ಎರಡೂ ಮುಖಗಳನ್ನು ನಮ್ಮ ರೈತರ ಮೈಮೇಲೆ ತೋರಿಸುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡು ಮುಂದೆ ನಾಡೆಲ್ಲ ಹಬ್ಬಿದ ಈ ಕಳೆಯ ಪರಾಗದಿಂದ ಕೆಲವರಿಗೆ ನಿಮಿಷಗಳಲ್ಲಿ ಸೀನು, ನೆಗಡಿ, ಉಬ್ಬಸ. ಅದನ್ನು ವರ್ಷಗಟ್ಟಲೆ ಕಿತ್ತವರಿಗೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ದಿನಗಳ ನಂತರ ಏಳುವ ಕಜ್ಜಿ. ಗಿಡ ಒಂದೇ, ಗಡಿಯಾರ ಎರಡು. ಎರಡನೆಯದನ್ನು ಖಚಿತಪಡಿಸಲು ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ಎರಡು ದಿನದ ಮೇಲೆ ತೆಗೆದು ನೋಡಿ, ನಾಲ್ಕನೆಯ ದಿನ ಮತ್ತೆ ನೋಡಬೇಕು. ರೋಗಿ ಮರಳಿ ಬರದಿದ್ದರೆ ಪರೀಕ್ಷೆಯೇ ಇಲ್ಲ. ಗಂಜಾಮಿನ ಕಾಲದ ನಿಯಮ ಇಂದಿನ ಆಸ್ಪತ್ರೆಯಲ್ಲೂ ಬದಲಾಗಿಲ್ಲ.

ಇದೇ ನೆಲ ಕಲಿಸುವ ಇನ್ನೊಂದು ಪಾಠವಿದೆ, ಅದು ಸಿಡುಬಿನ ಪಾಠವನ್ನು ತಿದ್ದುತ್ತದೆ. ಕಾವೇರಿಯ ನಾಲೆ, ಕೆರೆಗಳ ಈ ಸೀಮೆ ಮಲೇರಿಯಾದ ತವರು. 1799ರಲ್ಲಿ ಗೆದ್ದ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷ್ ದಂಡು ಹತ್ತು ಹನ್ನೆರಡು ವರ್ಷವೂ ನಿಲ್ಲಲಾಗದೆ ಜ್ವರಕ್ಕೆ ಸೋತು ಬೆಂಗಳೂರಿಗೆ ಹೋಯಿತು. ಹುಟ್ಟಿನಿಂದ ಅಲ್ಲೇ ಬೆಳೆದವರು ಹೇಗೋ ತಡೆದುಕೊಂಡರು. ಅವರಿಗೆ ಜ್ವರ ಬರುತ್ತಿರಲಿಲ್ಲವೆಂದಲ್ಲ. ಎಳವೆಯಲ್ಲಿ ಮತ್ತೆ ಮತ್ತೆ ಬಂದು, ಎಷ್ಟೋ ಮಕ್ಕಳನ್ನು ಒಯ್ದು, ಉಳಿದವರ ಗುಲ್ಮ ಊದಿಸಿ, ದೊಡ್ಡವರಾಗುವ ಹೊತ್ತಿಗೆ ಅರೆಬರೆ ರಕ್ಷಣೆ ಕೊಡುತ್ತಿತ್ತು. ಊರು ಬಿಟ್ಟು ಕೆಲ ವರ್ಷ ದೂರವಿದ್ದರೆ ಅದೂ ಕುಂದುತ್ತದೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ತೆರೆದದ್ದು ಈ ಕಷ್ಟಕ್ಕೆ ಉತ್ತರ ಹುಡುಕಲು. ಒಮ್ಮೆ ಕಂಡು ಬಹುಕಾಲ ನೆನಪಿಡುವ ಸಿಡುಬಿನಂಥ ರೋಗ, ಎಷ್ಟು ಸಲ ಕಂಡರೂ ಪೂರ್ತಿ ಪಳಗದ ಮಲೇರಿಯಾದಂಥ ರೋಗ: ಎರಡೂ ಒಂದೇ ಹಳ್ಳಿಯ ಮಕ್ಕಳ ಮೈಯಲ್ಲಿದ್ದವು. ರೋಗನಿರೋಧ ಎಂಬುದು ಇದೆ ಅಥವಾ ಇಲ್ಲ ಎಂದು ಎರಡೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಪ್ರತಿ ರೋಗಕ್ಕೂ ಅದರದೇ ಲೆಕ್ಕ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ತೋಳಿನ ಸರಪಳಿಯ ಬದಲು ಕರುವಿನ ಚರ್ಮದಲ್ಲಿ ಬೆಳೆಸಿದ ರಸ ಬಂತು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಲಸಿಕೆ ಸಂಸ್ಥೆ ಅದನ್ನು ತಯಾರಿಸಿತು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಕೆಲಸ ಕೊಡದೆ ಕಳುಹಿಸಿದ ಡಾ. ಪಲ್ಪು 1891ರಲ್ಲಿ ಮೈಸೂರಿನ ಸೇವೆಗೆ ಸೇರಿ ಆ ಸಂಸ್ಥೆಯಲ್ಲಿ ದುಡಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜೀವದ ಹಂಗು ತೊರೆದು ರೋಗಿಗಳ ನಡುವೆ ನಿಂತರು. ಜಾತಿಯ ಮೈಲಿಗೆಯಿಂದ ಒಬ್ಬರ ತೋಳಿನ ರಸವನ್ನು ಒಲ್ಲೆ ಎಂದ ಸಮಾಜಕ್ಕೆ, ಜಾತಿಯಿಂದ ಹೊರದೂಡಿಸಿಕೊಂಡ ವೈದ್ಯರ ಕೈಯಿಂದಲೇ ಲಸಿಕೆ ಬಂದದ್ದನ್ನು ನಮ್ಮ ವೈದ್ಯಕೀಯ ಇತಿಹಾಸ ಮರೆಯಬಾರದು. ಕರುವಿನ ರಸದಿಂದ ಮಕ್ಕಳ ನೋವು ತಪ್ಪಿತು, ಬೇರೆ ರೋಗ ಅಂಟುವ ಭಯ ಹೋಯಿತು. ಇದು ನಿಸ್ಸಂದೇಹವಾಗಿ ಒಳ್ಳೆಯದಾಯಿತು. ಮರಳಿ ಬಂದು ತೋಳು ತೋರಿಸುವ ಅಗತ್ಯ ಮಾತ್ರ ಉಳಿದೇ ಇತ್ತು. 1970ರ ದಶಕದಲ್ಲಿ ಕವಲುಸೂಜಿ ಹಿಡಿದು ಮನೆಮನೆ ಸುತ್ತಿದ ಕಾರ್ಯಕರ್ತರು ಗೆದ್ದದ್ದೂ ಬರಿಯ ತಲೆಯೆಣಿಕೆಯಿಂದಲ್ಲ. ರೋಗಿಯನ್ನು ಹುಡುಕಿ, ಸುತ್ತಿನವರಿಗೆಲ್ಲ ಲಸಿಕೆ ಹಾಕಿ, ಮತ್ತೆ ಬಂದು ನೋಡಿದ್ದರಿಂದ. 1975ರ ಮೇ ತಿಂಗಳ ನಂತರ ದೇಶದಲ್ಲಿ ಸಿಡುಬು ಕಾಣಲಿಲ್ಲ. 1980ರಲ್ಲಿ ಜಗತ್ತೇ ಅದರಿಂದ ಬಿಡುಗಡೆಯಾಯಿತೆಂದು ಸಾರಲಾಯಿತು.

ಕೊನೆಯ ಆಕ್ಷೇಪ ವಿದ್ಯಾರ್ಥಿಯದೇ ಆಗಿರಬಹುದು: ಪರೀಕ್ಷೆಗೆ ಬೇಕಾದದ್ದು ಕೋಶಗಳ ಹೆಸರು, ಈ ಹಳೆಯ ಕಥೆಯಿಂದ ರೋಗಿಗೆ ಏನು ಲಾಭ? ಲಾಭ ನೇರವಾಗಿದೆ. ಉಬ್ಬಸದವರಿಗೆ ಕೊಡುವ ಪರಾಗದ ಚುಚ್ಚುಮದ್ದಿನ ಚಿಕಿತ್ಸೆ ಮೂರು ವರ್ಷವಾದರೂ ನಡೆಯಬೇಕು. ಬಾಯಿಮಾತಿನ ಮೇಲೆ ಪೆನ್ಸಿಲಿನ್ ಆಗಿಬರುವುದಿಲ್ಲ ಎಂದು ಬರೆದುಕೊಂಡದ್ದು ನಿಜವೇ ಎಂದು ತಿಳಿಯಲು ಅಂದು ಎಷ್ಟು ಹೊತ್ತಿಗೆ ಏನಾಯಿತು ಎಂದು ತಾಳ್ಮೆಯಿಂದ ಕೇಳಬೇಕು. ಆಹಾರದ ಅಲರ್ಜಿ ಇರುವ ಮಗು ಬೆಳೆದಂತೆ ಅದರಿಂದ ಹೊರಬಂತೇ ಎಂದು ವರ್ಷವರ್ಷವೂ ನೋಡಬೇಕು. ಈ ಎಲ್ಲದರಲ್ಲೂ ವೈದ್ಯನಿಗೆ ಕೋಶದ ಜ್ಞಾನ ಬೇಕು, ಅದರ ಜೊತೆಗೆ ರೋಗಿ ಮತ್ತೆ ಬರುವಷ್ಟು ವಿಶ್ವಾಸವೂ ಬೇಕು. ಒಂದಿಲ್ಲದೆ ಇನ್ನೊಂದರಿಂದ ಪ್ರಯೋಜನವಿಲ್ಲ. ತೊಣ್ಣೂರು, ಮೇಲುಕೋಟೆ, ಶ್ರೀರಂಗಪಟ್ಟಣದ ಹಳ್ಳಿಗಳಿಂದ ಇಂದು ಆಸ್ಪತ್ರೆಗೆ ಬರುವ ತಾಯಿ, ಇನ್ನೂರು ವರ್ಷದ ಹಿಂದಿನ ತಾಯಿ ಕೇಳಿದ ಪ್ರಶ್ನೆಯನ್ನೇ ಕೇಳುತ್ತಾಳೆ: ನನ್ನ ಮಗುವಿಗೆ ಇದರಿಂದ ಏನಾಗುತ್ತದೆ, ಏನಾದರೂ ಆದರೆ ನೀವು ಇಲ್ಲೇ ಇರುತ್ತೀರಾ? ಅದಕ್ಕೆ ನಿಜವಾದ ಉತ್ತರ ಕೊಡಬಲ್ಲ ವೈದ್ಯರನ್ನು ತಯಾರು ಮಾಡುವುದು ನಮ್ಮ ಕಾಲೇಜುಗಳ ಕೆಲಸ. ರೋಗನಿರೋಧ ಶಾಸ್ತ್ರದ ಪಠ್ಯದಲ್ಲಿ ಮೊದಲ ಅಧ್ಯಾಯವಾಗಿ ಈ ಸೀಮೆಯ ದಾಕಿನ ಚರಿತ್ರೆಯನ್ನು ಇಡಬೇಕು ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.